ಯಮುನಕ್ಕ ತಿದ್ದಿದ ತಾರೀಖು

“ಯಾವ ಹೂವು ಮಗ? ಸರಿಯಾಗಿ ಯೋಚನೆ ಮಾಡಿ ಹೇಳು.”

“ಕಾಫಿ ಹೂವೇ ಅಕ್ಕ. ಆಗಲೇ ಹೇಳಿದ್ನಲ್ಲ.”

“ಕಾಫಿ ಹೂವೇ, ಸರಿ ಮಾರಾಯ್ತಿ. ಮಳೆ ಬಿದ್ದು ಅರಳಿದ್ದಾ, ಸ್ಪ್ರಿಂಕ್ಲರ್ ನೀರಿಗೆ ಅರಳಿದ್ದಾ?”

ಮಗುವಿಗೆಂದು ಹರಿದಿಟ್ಟ ಹಳೇ ಕಾಟನ್ ಸೀರೆಯ ತುಂಡು ಕಾವ್ಯಶ್ರೀಯ ತೊಡೆಯ ಮೇಲೆ ಅರ್ಧ ಮಡಚಿದಂತೆಯೇ ಉಳಿಯಿತು. ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದ ಅವಳ ಮಾವ ಸಣ್ಣಸ್ವಾಮಿ ಪಾತ್ರೆ ಹಿಡಿದುಕೊಂಡೇ ಬಾಗಿಲಿಗೆ ಬಂದರು. ನನಗಂತೂ ತಲೆಬುಡ ಅರ್ಥವಾಗಲಿಲ್ಲ. ಹೆರಿಗೆಗೆ ಚೀಲ ತುಂಬುವುದು ಹೇಗೆ ಎಂದು ಹೇಳಿಕೊಡಲು ಬಂದವರು ಇದ್ದಕ್ಕಿದ್ದಂತೆ ಕಾಫಿ ಹೂವಿನ ವಿಚಾರಣೆ ಯಾಕೆ ಶುರು ಮಾಡಿದರು?

ಆ ಪ್ರಶ್ನೆ ಕೇಳಿದ ಯಮುನಕ್ಕನ ಕಥೆಯನ್ನೇ ನಾನು ಹೇಳಹೊರಟಿದ್ದೇನೆ, ಮತ್ತು ಅದನ್ನು ನಿಧಾನವಾಗಿ ಹೇಳುವುದು ನನ್ನಿಂದ ಸಾಧ್ಯವೇ ಇಲ್ಲ. ತಿತಿಮತಿಯ ಕಾಡಂಚಿನ ಐದು ಎಸ್ಟೇಟುಗಳಿಗೆ, ಅವುಗಳ ಕೂಲಿಕಾರರ ಲೈನುಮನೆಗಳಿಗೆಲ್ಲ ಅವರೇ ಆಶಾ ಕಾರ್ಯಕರ್ತೆ. ಗುಲಾಬಿ ಸೀರೆ, ಅದರ ಮೇಲೆ ಗಂಡ ತೀರ್ಥಪ್ರಸಾದರ ಹಳೇ ಜರ್ಕಿನ್, ಕಾಲಿಗೆ ಗಮ್‌ಬೂಟು, ಕೆಳಗೆ ಒಂದು ಕನ್ನಡಿ ಮಾತ್ರ ಉಳಿದಿರುವ ಸ್ಕೂಟಿ. ಹದಿನಾರು ವರ್ಷದಲ್ಲಿ ಇನ್ನೂರ ಹದಿನೇಳು ಹೆರಿಗೆಗೆ ಜೊತೆ ಹೋಗಿದ್ದಾರೆ. ಪ್ರತಿಯೊಂದು ಮಗುವಿನ ತೂಕ ಬಾಯಿಪಾಠ. ನಮ್ಮ ಕಾಲೇಜಿನವರು ಫೀಲ್ಡ್‌ವರ್ಕ್‌ಗೆ ನನ್ನನ್ನು ಇವರ ಜೊತೆ ಹಾಕಿದ್ದರಿಂದ ಪ್ರತಿ ಶನಿವಾರ ಗೋಣಿಕೊಪ್ಪದಿಂದ ಬಸ್ಸಿನಲ್ಲಿ ಬಂದು ಅವರ ಸ್ಕೂಟಿಯ ಹಿಂದೆ ಕೂರುತ್ತೇನೆ. ನಾನು ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಟ್ರೈಮೆಸ್ಟರ್ ಅಂದರೆ ಏನೆಂದು ಪರೀಕ್ಷೆಯಲ್ಲಿ ಎರಡು ಪುಟ ಬರೆದಿದ್ದೆ. ಒಬ್ಬ ಬಸುರಿಯ ಎದುರು ಕೂತು ದಿನ ಎಣಿಸಲು ಮಾತ್ರ ಬರುತ್ತಿರಲಿಲ್ಲ.

ಯಮುನಕ್ಕ ಹುಟ್ಟಿದ್ದು ಭಾಗಮಂಡಲದ ಕಡೆ, ಅರೆಭಾಷೆಯ ಮನೆಯಲ್ಲಿ. ಇಪ್ಪತ್ತು ವರ್ಷಕ್ಕೆ ಮದುವೆಯಾಗಿ ತಿತಿಮತಿಗೆ ಬಂದರು, ಮರುವರ್ಷವೇ ಬಸುರಿ. ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. ಒಂದು ಬೆಳಿಗ್ಗೆ ನಿಂತಲ್ಲೇ ಸೀರೆ ಒದ್ದೆಯಾಯಿತು. ಮೂತ್ರ ಹೋಯಿತು ಅಂದುಕೊಂಡು ನಾಚಿಕೆಯಿಂದ ಸೀರೆ ಬದಲಿಸಿ ನೆಲ ಒರೆಸಿದರು. ಮತ್ತೆ ಒದ್ದೆ. ಮತ್ತೆ ಒರೆಸಿದರು. “ಮೂರು ಸಲ ಒರೆಸಿದೆ ಮಾನಸ! ಅತ್ತೆ, ಎಷ್ಟು ಶುದ್ಧದ ಹುಡುಗಿ ಅಂತ ಹೊಗಳಿದ್ರು ಗೊತ್ತಾ?” ಎಂದು ಅವರು ಹೇಳಿದಾಗ ನಾನು ನಕ್ಕೆ. ಅವರೂ ನಕ್ಕರು. ಆಮೇಲೆ ಉಳಿದದ್ದನ್ನು ಹೇಳಿದರು. ನೀರು ಒಡೆದು ಅಷ್ಟು ಹೊತ್ತಾದ ಮೇಲೆ ಹುಟ್ಟಿದ ಮಗುವಿಗೆ ಸೋಂಕು ತಗುಲಿತ್ತು. ಹತ್ತು ದಿನ ಅದು ಗಾಜಿನ ಪೆಟ್ಟಿಗೆಯೊಳಗೆ, ಇವರು ಹೊರಗೆ. ಮಗು ಉಳಿಯಿತು. ಅದೇ ಅಶ್ವಿತಾ, ಈಗ ಅಮ್ಮನಿಗಿಂತ ಅರ್ಧ ಅಡಿ ಎತ್ತರ. ಆಶಾ ಕೆಲಸಕ್ಕೆ ಅರ್ಜಿ ಹಾಕುವಾಗ, ಯಾಕೆ ಸೇರುತ್ತೀರಿ ಎಂದು ಕೇಳಿದವರಿಗೆ ಯಮುನಕ್ಕ ಕೊಟ್ಟ ಉತ್ತರ ಒಂದೇ: “ನನ್ನ ಏರಿಯಾದಲ್ಲಿ ಯಾವ ಹುಡುಗಿಯೂ ನೆಲ ಒರೆಸ್ತಾ ಕೂರಬಾರದು.”

ಈಗ ಮತ್ತೆ ಆ ಶನಿವಾರಕ್ಕೆ, ನವೆಂಬರ್ ಹದಿನೈದಕ್ಕೆ.

ಕಾವ್ಯಶ್ರೀ ಎಸ್ಟೇಟಿನ ರೈಟರ್ ಮಹೇಶನ ಹೆಂಡತಿ. ಕೆಲಸದವರ ಹಾಜರಿ, ಲೆಕ್ಕಪತ್ರವೆಲ್ಲ ಮಹೇಶನದು. ಮಾವ ಸಣ್ಣಸ್ವಾಮಿ ಅದೇ ಎಸ್ಟೇಟಿನ ನೀರಿನ ಪಂಪು ನೋಡಿಕೊಳ್ಳುತ್ತಾರೆ. ಅತ್ತೆ ಇಲ್ಲ, ತೀರಿಕೊಂಡು ಆರು ವರ್ಷ. ಹಾಗಾಗಿ ಮನೆಯಲ್ಲಿ ಇನ್ನೊಬ್ಬ ಹೆಂಗಸಿಲ್ಲ. ಸೊಸೆಗೆ ಸೊಪ್ಪು ಬೇಯಿಸಿ, ಮೊಟ್ಟೆ ಒಡೆದು, ಕಬ್ಬಿಣದ ಮಾತ್ರೆ ಕೈಗೆ ಕೊಡುವವರು ಮಾವನೇ. ಆ ಮಾತ್ರೆಯನ್ನು ಅವರು ದಿನಾ ಒಂದು ಲೋಟ ಕಾಫಿ ಜೊತೆಗೇ ಕೊಡುತ್ತಿದ್ದರು. “ಕಾಫಿ ಜೊತೆ ನುಂಗಿದರೆ ಕಬ್ಬಿಣ ಮೈಗೆ ಹತ್ತಲ್ಲ ಸಣ್ಣಸ್ವಾಮಣ್ಣ. ಮಧ್ಯೆ ಎರಡು ಗಂಟೆ ಬಿಡಿ, ನಿಂಬೆ ಶರಬತ್ತಿನ ಜೊತೆ ಕೊಡಿ,” ಎಂದು ಯಮುನಕ್ಕ ಗದರಿದ್ದಕ್ಕೆ ಅವರು, “ಎಸ್ಟೇಟ್ನಾಗೆ ಇದ್ಕೊಂಡು ಕಾಫಿ ಕುಡೀಬ್ಯಾಡ ಅಂದ್ರೆ ಹೆಂಗವ್ವ?” ಎಂದಿದ್ದರು. ಆದರೂ ಮರುದಿನವೇ ನಿಂಬೆಹಣ್ಣು ತಂದಿದ್ದರು.

ಹೆರಿಗೆಯ ತಾರೀಖು ಡಿಸೆಂಬರ್ ಮೂವತ್ತೊಂದು ಎಂದು ತಾಯಿ ಕಾರ್ಡಿನಲ್ಲಿತ್ತು. ಹೊಸ ವರ್ಷದ ಮಗು ಎಂದು ಮನೆಯಲ್ಲೆಲ್ಲ ತಮಾಷೆ. ಚೊಚ್ಚಲ ಹೆರಿಗೆ ತವರಿನಲ್ಲಿ, ಅಂದರೆ ಕುಶಾಲನಗರದ ಹತ್ತಿರದ ಹಳ್ಳಿಯಲ್ಲಿ. ಡಿಸೆಂಬರ್ ಮೊದಲ ವಾರ ಹೊರಡುವುದು ಎಂದು ನಿಶ್ಚಯವಾಗಿತ್ತು. ಹಾಗಾಗಿ ಚೀಲ ಅಟ್ಟದಲ್ಲೇ ಇತ್ತು, ಗಾಡಿಗೆ ಯಾರಿಗೂ ಹೇಳಿರಲಿಲ್ಲ. ಗದ್ದೆಯಲ್ಲಿ ಭತ್ತ ಬಲಿತ ಕಾಲವಾದ್ದರಿಂದ ಆನೆಗಳು ಬೇರೆ ಎಸ್ಟೇಟಿನ ಮುಖ್ಯ ಗೇಟಿನ ಬಳಿಯೇ ಠಿಕಾಣಿ ಹೂಡಿದ್ದವು.

ಅವತ್ತು ನಾವು ಒಳಗೆ ಕಾಲಿಟ್ಟಾಗ ಕಾವ್ಯಶ್ರೀ ಖುಷಿಯಲ್ಲಿದ್ದಳು. “ಎರಡು ದಿನದಿಂದ ಉಸಿರಾಟ ಸಲೀಸಾಗಿದೆ ಅಕ್ಕ. ಆದರೆ ಹತ್ತು ನಿಮಿಷಕ್ಕೊಂದು ಸಲ ಬಾತ್‌ರೂಮಿಗೆ ಓಡ್ತಿದ್ದೀನಿ.” ಯಮುನಕ್ಕ ಅವಳನ್ನು ನಿಲ್ಲಿಸಿ ಪಕ್ಕದಿಂದ ನೋಡಿದರು. ಹೊಟ್ಟೆ ಕೆಳಗಿಳಿದಿತ್ತು. ಚೊಚ್ಚಲಲ್ಲಿ ಮಗುವಿನ ತಲೆ ಕೆಳಗೆ ಕೂತಾಗ ಹೀಗಾಗುತ್ತದೆ, ಸಾಮಾನ್ಯವಾಗಿ ಕೊನೆಯ ಎರಡು ಮೂರು ವಾರಗಳಲ್ಲಿ. ಆರೂವರೆ ವಾರ ಬಾಕಿ ಇರುವವಳಿಗೆ ಇದು ಯಾಕೆ? ಅದಕ್ಕೇ ಅವರು, ಕೊನೆಯ ಸಲ ಮುಟ್ಟಾದದ್ದು ಯಾವಾಗ ಎಂಬಲ್ಲಿಂದ ಮತ್ತೆ ಶುರು ಮಾಡಿದ್ದು. ಜೂನ್‌ನಲ್ಲಿ ಕಾರ್ಡು ಮಾಡಿಸುವಾಗ ಕಾವ್ಯಶ್ರೀಗೆ ತಾರೀಖು ನೆನಪಿರಲಿಲ್ಲ. “ಕಾಫಿ ಹೂ ಬಿಟ್ಟಿದ್ದ ದಿನ” ಎಂದಿದ್ದಳು. ಯಮುನಕ್ಕ ಮಾರ್ಚ್ ಇಪ್ಪತ್ತನಾಲ್ಕು ಎಂದು ಹೇಳಿ ಬರೆಸಿದ್ದರು.

“ನಮ್ಮ ಭಾಗಮಂಡಲದ ಕಡೆ ಸ್ಪ್ರಿಂಕ್ಲರ್ ಎಲ್ಲಿಂದ ಬರಬೇಕು? ಮಳೆಗೆ ಕಾಯದೆ ಮೊದಲೇ ನೀರು ಹಾರಿಸಿ ಹೂ ಬಿಡಿಸೋದು ಇಲ್ಲಿ. ಅಲ್ಲಿ ಮಳೆ ಬಂದರೆ ಹೂವು. ಕಾಫಿ ಹೂವು ಅಂದ ಕೂಡಲೇ ನನ್ನ ತಲೆಗೆ ಹೋದದ್ದು ಆ ಮಾರ್ಚ್ ಮಳೆಯ ಹೂವೇ,” ಎಂದರು ಯಮುನಕ್ಕ. “ನೀನು ಹೇಳು ಮಗ. ಅವತ್ತು ಎಲ್ಲಿ ಕೂತಿದ್ದೆ, ಏನು ನೋಡಿದೆ?”

ಕಾವ್ಯಶ್ರೀ ಜೋಳ, ಶುಂಠಿ ಬೆಳೆಯುವ ಊರಿನವಳು. ಹುಟ್ಟಿ ಅಲ್ಲಿಯವರೆಗೆ ಕಾಫಿ ಹೂ ಬಿಟ್ಟದ್ದನ್ನು ನೋಡಿದವಳೇ ಅಲ್ಲ. “ಮೆಟ್ಟಿಲ ಮೇಲೆ ಕೂತಿದ್ದೆ ಅಕ್ಕ. ಬೆಳಿಗ್ಗೆ ಬಾಗಿಲು ತೆಗೆದ್ರೆ ಎದುರುಗಡೆ ಗಿಡ ಎಲ್ಲಾ ಬೆಳ್ಳಗೆ, ಜೇನುಹುಳ ಗುಂಯ್ ಅಂತ. ಆವತ್ತೇ ಮುಟ್ಟಿನ ಹೊಟ್ಟೆನೋವು ಶುರುವಾಯ್ತು. ಮಳೆ... ಮಳೆ ಬಂದಿರ್ಲಿಲ್ಲ ಕಣಕ್ಕ. ಧೂಳಿತ್ತು.”

“ಎದುರುಗಡೆ ಅಂದ್ರೆ ನಂ ಮೂರನೇ ಬ್ಲಾಕು!” ಎಂದು ಸಣ್ಣಸ್ವಾಮಿ ಕೂಗಿದರು. ಪಾತ್ರೆಯನ್ನು ನೆಲಕ್ಕಿಟ್ಟು ಗೋಡೆಯ ಕ್ಯಾಲೆಂಡರಿಗೆ ಹೋದರು. ಪಂಪು ಓಡಿಸಿದ ದಿನಗಳನ್ನೆಲ್ಲ ಅವರು ಅದರಲ್ಲಿ ಪೆನ್ಸಿಲ್ಲಿನಿಂದ ಗುರುತು ಮಾಡುತ್ತಾರೆ. ನವೆಂಬರ್, ಅಕ್ಟೋಬರ್ ಎಂದು ಹಾಳೆ ಎತ್ತುತ್ತಾ ಹೋಗಿ ಫೆಬ್ರವರಿಗೆ ನಿಂತರು. “ಎಂಟನೇ ತಾರೀಕು ಮೂರನೇ ಬ್ಲಾಕಿಗೆ ನೀರು ಮುಗ್ಸಿದ್ದು. ಹದಿನೇಳಕ್ಕೆ ಹೂವು. ನೋಡವ್ವ, ನಾನೇ ಬರ್ದೀನಿ: ಹೂ.”

ಯಮುನಕ್ಕ ಬೆರಳು ಮಡಚಿದರು. ನನಗೂ ಮಡಚಿಸಿದರು. “ಕೊನೇ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು ಸೇರಿಸು, ಅದರ ಮೇಲೆ ಏಳು ದಿನ. ಗರ್ಭ ನಿಂತ ದಿನ ಯಾರಿಗೂ ಗೊತ್ತಿರಲ್ಲ ಮಾನಸ, ಅದಕ್ಕೇ ಮುಟ್ಟಿನಿಂದ ಎಣಿಸೋದು. ಫೆಬ್ರವರಿ ಹದಿನೇಳು. ಎಷ್ಟಾಯ್ತು?”

“ನವೆಂಬರ್ ಹದಿನೇಳು... ಇಪ್ಪತ್ತನಾಲ್ಕು,” ಎಂದೆ. ಇನ್ನು ಒಂಬತ್ತೇ ದಿನ!

ಬರೀ ಹೂವಿನ ಲೆಕ್ಕ ಸಾಲದು, ಸಾಕ್ಷಿ ಬೇಕು ಎಂದರು ಯಮುನಕ್ಕ. ಆಷಾಢಕ್ಕೆ ಕಾವ್ಯಶ್ರೀ ತವರಿಗೆ ಹೋದಾಗ ಅಲ್ಲೊಂದು ಸ್ಕ್ಯಾನ್ ಆಗಿತ್ತು. “ಎಲ್ಲಾ ನಾರ್ಮಲ್ ಅಂದ್ರು” ಎಂದು ಹೇಳಿ ಅವಳು ಪೇಪರನ್ನು ಅಲ್ಲೇ ಬೀರುವಿನಲ್ಲಿ ಬಿಟ್ಟು ಬಂದಿದ್ದಳು. ತಿಂಗಳ ಲೆಕ್ಕಕ್ಕೆ ಹೊಟ್ಟೆ ಸ್ವಲ್ಪ ದೊಡ್ಡದಿದೆ, ಆ ಪೇಪರ್ ತಗೊಂಡು ಬಾ ಎಂದು ತಪಾಸಣೆ ಮಾಡುವ ನರ್ಸಮ್ಮ ಸೆಪ್ಟೆಂಬರಿನಲ್ಲೇ ಹೇಳಿದ್ದರು. ಅಕ್ಟೋಬರಿನ ತಪಾಸಣೆಗೆ ಹೊರಟ ದಿನ ಆನೆ ಅಡ್ಡ ಬಂದು ಜೀಪು ವಾಪಸಾಗಿತ್ತು. ಅಲ್ಲಿಗೆ ಆ ಮಾತು ಮರೆತೇ ಹೋಗಿತ್ತು.

ಈ ಮನೆಯವರಿಗೆ ಫೋನಿನ ಸಿಗ್ನಲ್ ಸಿಗುವುದು ಪಂಪ್‌ಹೌಸ್ ಮುಂದಿನ ಬಂಡೆಯ ಮೇಲೆ ಮಾತ್ರ. ಸಣ್ಣಸ್ವಾಮಿ, ಯಮುನಕ್ಕ, ನಾನು, ಆಫೀಸಿನಿಂದ ಓಡಿಬಂದ ಮಹೇಶ, ನಾಲ್ವರೂ ಆ ಬಂಡೆ ಹತ್ತಿ ನಿಂತೆವು. ಬರಬೇಡ ಎಂದರೂ ಕಾವ್ಯಶ್ರೀ ಬಂದು ಬುಡದಲ್ಲಿ ಕುರ್ಚಿ ಹಾಕಿಕೊಂಡು ಕೂತಳು. ಅವಳ ತಾಯಿ ಮುತ್ತಮ್ಮ ಬೀರು ತೆಗೆದು, ಪೇಪರ್ ಹುಡುಕಿ, ಪಕ್ಕದ ಮನೆಯವರಿಂದ ಫೋಟೋ ತೆಗೆಸಿ ವಾಟ್ಸಾಪಿನಲ್ಲಿ ಕಳಿಸಿದರು. ಅದು ಗುಂಡಗೆ ಸುತ್ತಿತು, ಸುತ್ತಿತು, ಸುತ್ತುತ್ತಲೇ ಇತ್ತು. ಕೊನೆಗೆ ತೆರೆದಾಗ ಹೆರಿಗೆಯ ಅಂದಾಜು ದಿನ ಎಂಬಲ್ಲಿ ನವೆಂಬರ್ ಇಪ್ಪತ್ತೈದು ಎಂದಿತ್ತು. ಒಂದು ದಿನದ ವ್ಯತ್ಯಾಸ ಅಷ್ಟೇ!

“ಸಮ ಉಟ್ಟು!” ಎಂದು ಯಮುನಕ್ಕ ಬಂಡೆಯ ಮೇಲೇ ಕುಣಿದರು. ಲೆಕ್ಕ ಸರಿಯಾಗಿದೆ ಎಂದರ್ಥ; ಖುಷಿಯಾದರೂ ಗಾಬರಿಯಾದರೂ ಅವರ ಬಾಯಲ್ಲಿ ಬರುವುದು ಅರೆಭಾಷೆಯೇ. ಮರುಗಳಿಗೆಗೆ ಹಣೆ ಹಣೆ ಚಚ್ಚಿಕೊಂಡರು. ಕೆಳಗಿಳಿದು ಕಾವ್ಯಶ್ರೀಯ ಮುಂದೆ ಕುಕ್ಕರಗಾಲಲ್ಲಿ ಕೂತು, “ತಪ್ಪು ನನ್ನದು ಮಗ. ನಿನ್ನದಲ್ಲ, ನರ್ಸಮ್ಮನದೂ ಅಲ್ಲ. ಒಂದು ಪ್ರಶ್ನೆ ಜಾಸ್ತಿ ಕೇಳಬೇಕಿತ್ತು, ಕೇಳಲಿಲ್ಲ,” ಎಂದರು. ದೊಡ್ಡವರು ಹೀಗೆ ನೇರವಾಗಿ ತಪ್ಪು ಒಪ್ಪಿಕೊಂಡದ್ದನ್ನು ನಾನು ನೋಡಿದ್ದು ಕಡಿಮೆ. ಕಾವ್ಯಶ್ರೀ ಅವರ ಕೈ ಹಿಡಿದು, “ಈಗ ಗೊತ್ತಾಯ್ತಲ್ಲ ಅಕ್ಕ. ಏನು ಮಾಡೋಣ ಹೇಳಿ,” ಎಂದಳು.

ಮಾಡಿದ್ದು ಏನೇನು! ಮಧ್ಯಾಹ್ನದ ಒಳಗೆ ಅವಳನ್ನು ಜೀಪಿನಲ್ಲಿ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮೂವತ್ತೆಂಟು ವಾರ ದಾಟಿದೆ, ತಲೆ ಕೆಳಗಿದೆ, ಬಿಪಿ ಸರಿ, ರಕ್ತ ಸರಿ ಎಂದರು ಡಾಕ್ಟರು. ಇನ್ನು ಕುಶಾಲನಗರದವರೆಗಿನ ಪ್ರಯಾಣ ಬೇಡ, ಹೆರಿಗೆ ಇಲ್ಲೇ ಆಗಲಿ. ಮಹೇಶ, “ತವರಿಗೆ ಕಳಿಸ್ಲಿಲ್ಲ ಅಂತ ನಾಳೆ ಅವರ ಕಡೆಯವರು ಮಾತಾಡಲ್ವಾ?” ಎಂದು ಪೇಚಾಡಿದ. ಮುತ್ತಮ್ಮ ಅದನ್ನು ಫೋನಿನಲ್ಲೇ ಮುಗಿಸಿದರು: “ಅವಳು ಬರಾಕಾಗ್ದಿದ್ರೆ ತವರೇ ಅಲ್ಲಿಗೆ ಬತ್ತದೆ ಬುಡಪ್ಪ.” ಭಾನುವಾರ ಬೆಳಿಗ್ಗೆ ಮುದ್ದೆ ಕೋಲಿನ ಸಮೇತ ಬಂದಿಳಿದೂ ಬಿಟ್ಟರು.

ಆದರೆ ಶನಿವಾರ ಸಂಜೆ ಮನೆಗೆ ಮರಳಿದ ಮೇಲೆ ಯಮುನಕ್ಕ ಮಾಡಿದ ಕೆಲಸ ಯಾವ ಪುಸ್ತಕದಲ್ಲೂ ಇಲ್ಲ. ಮೊದಲು ಚೀಲ: ತಾಯಿ ಕಾರ್ಡು, ಸ್ಕ್ಯಾನ್ ಪೇಪರ್, ಆಧಾರ್, ಮುಂದೆ ಬಿಚ್ಚುವ ನೈಟಿ ಎರಡು, ಪ್ಯಾಡು, ಒಗೆದು ಬಿಸಿಲಿಗೆ ಒಣಗಿಸಿದ ಮೆತ್ತನೆ ಬಟ್ಟೆ, ಮಗುವಿಗೆ ಟೋಪಿ. ಹೊಸ ಬಟ್ಟೆ ಬೇಡ, ಒರಟು. ಆಮೇಲೆ ಗಾಡಿ. ಮೊದಲು ಎಸ್ಟೇಟಿನ ಜೀಪು, ಅದು ಇಲ್ಲದಿದ್ದರೆ ತೀರ್ಥಪ್ರಸಾದರ ಪಿಕಪ್, ಅದೂ ಇಲ್ಲದಿದ್ದರೆ ನೂರಾ ಎಂಟು. “ಗಾಡಿ ಮೂರು ಇದ್ದು ಏನು ಪ್ರಯೋಜನ, ಗೇಟಿನಲ್ಲಿ ಆನೆ ನಿಂತರೆ?” ಎಂದು ತಾವೇ ಕೇಳಿ, ಪಕ್ಕದ ಎಸ್ಟೇಟಿನ ಹಿಂದಿನ ಗೇಟಿನ ಕಡೆ ಕೈ ತೋರಿಸಿದರು. ಆ ದಾರಿ ನೇರ ಟಾರ್ ರಸ್ತೆಗೆ ಬೀಳುತ್ತದೆ. ಅದರ ಬೀಗದ ಕೀ ಅಲ್ಲಿಯ ವಾಚ್‌ಮನ್ ಬೊಳ್ಳಪ್ಪನ ಹತ್ತಿರ. ಸಣ್ಣಸ್ವಾಮಿಗೂ ಬೊಳ್ಳಪ್ಪನಿಗೂ ಎರಡು ವರ್ಷದಿಂದ ಮಾತಿಲ್ಲ. ಸ್ಪ್ರಿಂಕ್ಲರ್ ಪೈಪು ಒಡೆದು ಬೊಳ್ಳಪ್ಪನ ಕೋಳಿಗೂಡು ತೇಲಿಹೋದದ್ದೇ ಕಾರಣ.

“ಅವನ ಮುಂದೆ ನಾನು ಹೋಗಿ ನಿಂತ್ಕಳಾದಾ? ಆಗಾಕಿಲ್ಲ ಬುಡವ್ವ.”

“ಕೀ ಕೇಳ್ತಿರೋದು ನೀವಲ್ಲ ಸಣ್ಣಸ್ವಾಮಣ್ಣ, ನಿಮ್ಮ ಮೊಮ್ಮಗು. ಅದಕ್ಕೆ ಇನ್ನೂ ನಡೆಯೋಕೆ ಬರಲ್ಲ, ಅಷ್ಟೇ.”

ಹೋದರು. ಅರ್ಧ ಗಂಟೆಗೆ ಕೀಯ ಜೊತೆ ಬೊಳ್ಳಪ್ಪನ ಮನೆಯ ಆರು ಮೊಟ್ಟೆಯನ್ನೂ ತಂದರು.

ಕೊನೆಗೆ ಯಮುನಕ್ಕ ಎಲ್ಲರನ್ನೂ ಕೂರಿಸಿದರು, ಗಂಡಸರನ್ನೂ. ನೋವು ಬಂದು ಹೋಗಿ ಬಂದು ಹೋಗಿ ಹತ್ತಿರ ಹತ್ತಿರ ಆಗುತ್ತಾ ಬಂದರೆ ಅದು ಹೆರಿಗೆ ನೋವು. ನೀರು ಒಡೆದರೆ ನೋವಿಗೆ ಕಾಯುವ ಹಾಗಿಲ್ಲ. ಪ್ಯಾಡ್ ಇಟ್ಟುಕೊಂಡು, ಗಂಟೆ ನೋಡಿ, ನೀರಿನ ಬಣ್ಣ ನೋಡಿ ಹೊರಡುವುದು. ರಕ್ತ ಹೋದರೆ, ತಲೆ ಸಿಡಿದು ಕಣ್ಣು ಮಂಜಾದರೆ, ಮುಖ ಊದಿದರೆ, ಮಗು ಒದೆಯುವುದು ಕಡಿಮೆಯಾದರೆ ಆ ಕ್ಷಣವೇ ಆಸ್ಪತ್ರೆ. ತಮ್ಮ ನೆಲ ಒರೆಸಿದ ಕಥೆಯನ್ನೂ ಹೇಳಿದರು. ಮಹೇಶ ಕಣ್ಣು ಮಿಟುಕಿಸದೆ ಕೇಳಿದ. “ಪುನಃ ಹೇಳು ನೋಡೋಣ” ಎಂದು ಕಾವ್ಯಶ್ರೀಯಿಂದ ಎಲ್ಲವನ್ನೂ ಮೂರು ಸಲ ಹೇಳಿಸಿದರು.

ಬುಧವಾರ ನಾನು ಕ್ಲಾಸಿನಲ್ಲಿದ್ದೆ. ಆದರೆ ಆವತ್ತು ನಡೆದದ್ದನ್ನು ಮನೆಯವರೆಲ್ಲ ಎಷ್ಟು ಸಲ ಹೇಳಿದ್ದಾರೆಂದರೆ ನಾನು ಅಲ್ಲೇ ಇದ್ದೆ ಅನಿಸುತ್ತದೆ. ಬೆಳಿಗ್ಗೆ ಏಳೂ ಇಪ್ಪತ್ತು. ಸಣ್ಣಸ್ವಾಮಿ ಪಂಪಿಗೆ ಹೊರಟಿದ್ದರು, ಮಹೇಶ ಕೆಲಸದವರ ಹಾಜರಿ ಹಾಕುತ್ತಿದ್ದ. ಕಾವ್ಯಶ್ರೀ ಒಲೆಯ ಮುಂದಿನಿಂದ ಎದ್ದಳು. ಕಾಲ ಬಳಿ ನೀರು. ಒಂದು ಕ್ಷಣ ನೋಡಿದಳಂತೆ. ಆಮೇಲೆ ಸ್ಪಷ್ಟವಾಗಿ, “ಮಾವ, ನೀರು ಒಡೀತು. ಟೈಮು ಏಳೂ ಇಪ್ಪತ್ತು. ಬಣ್ಣ ಇಲ್ಲ, ತಿಳಿಯಾಗಿದೆ. ಚೀಲ ಬಾಗಿಲ ಹಿಂದೆ ಇದೆ,” ಎಂದಳು. ಸಣ್ಣಸ್ವಾಮಿ ಚೀಲ ಬಿಟ್ಟು ಪಂಪಿನ ಸ್ಪ್ಯಾನರ್ ಎತ್ತಿಕೊಂಡು ಓಡಿದರು. ಮುತ್ತಮ್ಮ ಅಳಲು ಶುರು ಮಾಡಿದರು. “ಅಮ್ಮ, ಅಳೋದು ಜೀಪಲ್ಲಿ ಅಳು. ಈಗ ನನ್ನ ಚಪ್ಪಲಿ ಕೊಡು.”

ಮುಖ್ಯ ಗೇಟಿನಲ್ಲಿ ಮೂರು ಆನೆ, ಒಂದು ಮರಿ. ಜೀಪು ಅಲ್ಲಿಗೆ ಹೋಗಲೇ ಇಲ್ಲ. ಸಣ್ಣಸ್ವಾಮಿ ಬಂಡೆ ಹತ್ತಿ ಯಮುನಕ್ಕನಿಗೆ ಫೋನು ಮಾಡಿದರು, ಹಾಗೇ ಬೇಲಿಯಾಚೆಗೂ ಒಂದು ಕೂಗು ಹಾಕಿದರು. ಕೀ ಇವರ ಜೇಬಿನಲ್ಲೇ ಇತ್ತು. ಆದರೆ ಬೊಳ್ಳಪ್ಪ ಇನ್ನೊಂದು ಕೀಯಿಂದ ಬೀಗ ತೆಗೆದು, ಗೇಟು ಹಾರು ಹೊಡೆದು, ಪಟಾಕಿ ಹಿಡಿದು ಕಾವಲು ನಿಂತಿದ್ದ. ಟಾರ್ ರಸ್ತೆಯಲ್ಲಿ ಯಮುನಕ್ಕ ಸ್ಕೂಟಿ ಬಿಟ್ಟು ಜೀಪು ಹತ್ತಿದರು. ಎಂಟೂ ಐದಕ್ಕೆ ಆಸ್ಪತ್ರೆ ಸೇರಿದರು.

ಸಂಜೆ ನಾಲ್ಕೂ ಹತ್ತಕ್ಕೆ ನನ್ನ ಫೋನಿಗೆ ಯಮುನಕ್ಕನ ಧ್ವನಿ ಬಂತು. ಹಿಂದುಗಡೆ ಒಂದು ಮಗು ಆಸ್ಪತ್ರೆ ಕಿತ್ತುಹೋಗುವಂತೆ ಕಿರುಚುತ್ತಿತ್ತು. “ಕೇಳಿಸ್ತಾ ಮಾನಸ? ಹೆಣ್ಣು! ಎರಡು ಕಿಲೋ ಒಂಬೈನೂರು! ಇನ್ನೂರ ಹದಿನೆಂಟು!” ನಾನು ಲೈಬ್ರರಿಯಲ್ಲಿದ್ದೆ. ನಾನು ಹಾಕಿದ ಕೂಗಿಗೆ ಲೈಬ್ರರಿಯಿಂದ ಹೊರಗೆ ಕಳಿಸಿದರು.

ಹುಟ್ಟಿದ ಅರ್ಧ ಗಂಟೆಯೊಳಗೆ ಮಗು ಎದೆಹಾಲು ಕುಡಿಯಿತಂತೆ. ಶನಿವಾರ ನಾವು ಹೋದಾಗ ತಾಯಿ ಮಗು ಮನೆಗೆ ಬಂದು ಒಂದು ದಿನವಾಗಿತ್ತು. ಕಾವ್ಯಶ್ರೀ ದಿಂಬಿಗೆ ಒರಗಿ ರಾಣಿಯ ಹಾಗೆ ಕೂತಿದ್ದಳು. ಸಣ್ಣಸ್ವಾಮಿ ಒಂದು ಜೇನಿನ ಬಾಟಲಿ ಹಿಡಿದು ಬಾಗಿಲಲ್ಲಿ ಸುಳಿದಾಡುತ್ತಿದ್ದರು.

“ಅದನ್ನ ಒಳಗೆ ಇಡಿ,” ಎಂದರು ಯಮುನಕ್ಕ ತಿರುಗಿಯೂ ನೋಡದೆ.

“ಒಂದು ತೊಟ್ಟು ಕಣವ್ವ, ನಾಲ್ಗೆಗೆ. ಕಾಡು ಜೇನು.”

“ಆರು ತಿಂಗಳು ಅಮ್ಮನ ಹಾಲು, ಬೇರೆ ಏನೂ ಇಲ್ಲ. ನೀರೂ ಇಲ್ಲ. ವರ್ಷ ತುಂಬೋವರೆಗೆ ಜೇನಿನ ಮಾತೇ ಇಲ್ಲ. ನಿಮಗೆ ಅಷ್ಟು ಆಸೆ ಇದ್ದರೆ ಮಾನಸಂಗೆ ಕೊಡಿ.”

ಕೊಟ್ಟರು! ರೊಟ್ಟಿಯ ಜೊತೆ, ಧಾರಾಳವಾಗಿ.

ಯಮುನಕ್ಕ ಕೈ ತೊಳೆದು ಮಗುವನ್ನು ಬಿಚ್ಚಿ ನೋಡಿದರು. ಹೊಕ್ಕುಳು ಒಣಗಿದೆ, ಏನೂ ಹಚ್ಚಬೇಡಿ. ಮೈ ಬೆಚ್ಚಗಿದೆ, ಕಣ್ಣು ಚೆನ್ನಾಗಿದೆ. ಆಮೇಲೆ ಕಾವ್ಯಶ್ರೀಯ ಕಡೆ ತಿರುಗಿ, ರಕ್ತ ಜಾಸ್ತಿ ಹೋಗುತ್ತಿದೆಯಾ, ಜ್ವರ ಇದೆಯಾ, ನಿದ್ದೆ ಬರುತ್ತಿದೆಯಾ ಎಂದು ಒಂದೊಂದಾಗಿ ಕೇಳಿ, ಮುತ್ತಮ್ಮನಿಗೆ, “ಅವಳಿಗೆ ನೀರು ಕಡಿಮೆ ಕೊಡ್ತಿದ್ದೀರಿ. ಬಾಣಂತಿಗೆ ಬಾಯಾರಿಕೆ ಇರಬಾರದು,” ಎಂದರು. ಮುತ್ತಮ್ಮ, “ನಮ್ ಕಡೆ ಹಂಗೇನೇ” ಎನ್ನಲು ಹೋಗಿ, ಮಗಳ ಮುಖ ನೋಡಿ, ಎದ್ದು ಚೊಂಬು ತುಂಬಿ ತಂದರು.

“ಬುಧವಾರ ಒಂದು ಸಲ ನಾನೊಬ್ಬಳೇ ಬಂದು ಹೋಗ್ತೀನಿ, ಏಳನೇ ದಿನದ ಭೇಟಿ,” ಎಂದು ಯಮುನಕ್ಕ ಗಮ್‌ಬೂಟು ಹಾಕಿಕೊಳ್ಳುತ್ತಾ ಹೇಳಿದರು. “ಶನಿವಾರ ಮಾನಸನ ಜೊತೆ ಮತ್ತೆ ಬರ್ತೀನಿ. ತೂಕ ನೋಡಬೇಕು.”

“ಇವಳೇ ತೂಕ ಮಾಡಲಿ,” ಎಂದಳು ಕಾವ್ಯಶ್ರೀ ನನ್ನನ್ನು ತೋರಿಸಿ.

ನಾನು ಯಮುನಕ್ಕನ ಮುಖ ನೋಡಿದೆ. ಅವರು ಭುಜದಿಂದ ತೂಕದ ಜೋಲಿಯಿದ್ದ ಚೀಲವನ್ನು ಇಳಿಸಿ ನನ್ನ ಭುಜಕ್ಕೆ ಹಾಕಿದರು. “ಮನೆಗೆ ತಗೊಂಡು ಹೋಗು. ಅಕ್ಕಿ ಚೀಲ ಕಟ್ಟಿ ನಾಲ್ಕು ಸಲ ತೂಗಿ ಅಭ್ಯಾಸ ಮಾಡು. ಶನಿವಾರ ಎಂಟೂವರೆ ಬಸ್ಸಿಗೆ ಬಾ, ಒಂಬತ್ತೂವರೆದು ಬೇಡ. ಉಗುರು ಕತ್ತರಿಸಿಕೊಂಡು ಬಾ.”

“ಎಂಟೂವರೆಗೇ ಬರ್ತೀನಿ ಅಕ್ಕ,” ಎಂದೆ.